ಬಕೆಟ್ ಬ್ರಾಸನ್ನ ಹಾಗೇ ಪ್ರೆಸ್‌ಗೆ ಹಾಕ್ಬೇಡಿ, ಮೊದಲು ಸ್ಕೇಲ್ ಇಟ್ಟು ನೋಡಿ

ಗನ್ ಶೋನಲ್ಲಿ ಒಂದು ಬಕೆಟ್ ‘ಒನ್ಸ್ ಫೈರ್ಡ್’ (ಒಂದೇ ಸಲ ಹಾರಿಸಿದ) 9ಎಂಎಂ ಬ್ರಾಸ್, ಅಂದ್ರೆ ಪಿಸ್ತೂಲ್ ತೋಟೆಯ ಖಾಲಿ ಹಿತ್ತಾಳೆ ಕೇಸ್, ತಂದೆ, ತೊಳೆದು ಒಣಗಿಸಿಯೂ ಆಯ್ತು, ಎಲ್ಲಾ 9ಎಂಎಂ ಆದ್ದರಿಂದ ಆರಿಸೋ ಗೋಜಿಗೆ ಹೋಗಲ್ಲ, ಖಾಲಿ ಕೇಸಿಗೆ ಹೊಸ ಪ್ರೈಮರ್ (ಬುಡದಲ್ಲಿ ಕಿಡಿ ಹಚ್ಚೋ ಪುಟ್ಟ ಬಟ್ಟಲು), ಮದ್ದು, ಗುಂಡು ತುಂಬೋಕೆ ಶನಿವಾರ ಪ್ರೆಸ್ ಹತ್ತಿರ ಕೂರ್ತೀನಿ ಅಂತ ಬರೆದಿದ್ದೀರಿ. ಈ ಶನಿವಾರ ಕೂರ್ಬೇಡಿ ಮಾರಾಯ್ರೆ. ನೀವು ಹಾಕಿದ ಫೋಟೋನ ದೊಡ್ಡದು ಮಾಡಿ ನೋಡಿದೆ. ಎಡಗಡೆ ಮೂಲೇಲಿ, ನೀಲಿ ಟವೆಲ್ ಅಂಚಲ್ಲಿ ಮೂರು ಕೇಸ್ ನೆಟ್ಟಗೆ ನಿಂತಿವೆ. ನಡುವಿನದು ಗಿಡ್ಡ. ಅದು 9ಎಂಎಂ ಅಲ್ಲ, .380 ಅನ್ನೋ ಬೇರೆ ತೋಟೆಯ ಕೇಸ್. ಒಂದು ಫೋಟೋದಲ್ಲೇ ಒಂದು ಕಂಡ್ರೆ ಇಡೀ ಬಕೆಟ್ಟಲ್ಲಿ ಎಷ್ಟಿರಬಹುದು ನೋಡಿ.

2018ರಲ್ಲಿ ನಾನೂ ಇದೇ ಮಾಡಿದ್ದೆ. ಹ್ಯೂಸ್ಟನ್ ಹತ್ತಿರದ ಒಂದು ಶೋನಲ್ಲಿ ಕೊಂಡಿದ್ದು, ಫಳಫಳ ಹೊಳೀತಿತ್ತು, ಮಾರೋನು ‘ಎಲ್ಲಾ ಸಾರ್ಟ್ ಮಾಡಿದ್ದು’ ಅಂದ, ನಂಬಿದೆ. ಕ್ಲಬ್ ಶೂಟಿಂಗ್ ಮ್ಯಾಚಿನ ಮೂರನೇ ಸುತ್ತಲ್ಲಿ ‘ಢಂ’ ಅನ್ನೋ ಬದಲು ‘ಟಪ್’ ಅಂತ ಸಣ್ಣ ಶಬ್ದ ಬಂತು. ಸ್ಲೈಡ್ ಪೂರ್ತಿ ಹಿಂದೆ ಹೋಗ್ಲಿಲ್ಲ. ಟೈಮರ್ ಓಡ್ತಿದೆ, ಕೈ ಅಭ್ಯಾಸಬಲದಿಂದ ಮ್ಯಾಗಜೀನ್ ತಟ್ಟಿ ಸ್ಲೈಡ್ ಎಳೆದುಬಿಡ್ತು, ಬೆರಳು ಮತ್ತೆ ಟ್ರಿಗರ್ ಮೇಲೆ. ಅಷ್ಟರಲ್ಲಿ ರೇಂಜ್ ಆಫೀಸರ್ ಕಿವಿ ಪಕ್ಕದಲ್ಲೇ ‘ಸ್ಟಾಪ್!’ ಅಂತ ಕೂಗಿದ್ರು. ಬ್ಯಾರಲ್ ಬಿಚ್ಚಿ ಬೆಳಕಿಗೆ ಹಿಡಿದ್ರೆ ಆ ಕಡೆ ಕಾಣ್ತಿಲ್ಲ. ಗುಂಡು ನಡುಮಧ್ಯ ಕಚ್ಚಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ರೆ ಬ್ಯಾರಲ್ ಉಬ್ಬೋದು ಅಥವಾ ಸಿಡಿಯೋದೇ. ನೆಲದ ಮೇಲಿದ್ದ ಕೇಸ್ ಎತ್ತಿ ಹೆಡ್‌ಸ್ಟ್ಯಾಂಪ್ (ಬುಡದಲ್ಲಿ ಒತ್ತಿರೋ ಗುರುತು) ಓದಿದೆ: .380 ಆಟೋ.

ಯಾಕೆ ಹೀಗಾಗತ್ತೆ ಅಂದ್ರೆ, 9ಎಂಎಂ ಕೇಸ್ ಗರಿಷ್ಠ .754 ಇಂಚು, .380 ಗರಿಷ್ಠ .680. ಬುಡದ ಅಳತೆ ಹತ್ತಿರಹತ್ತಿರ ಇರೋದ್ರಿಂದ ಪ್ರೆಸ್‌ನಲ್ಲಿ ಕೇಸಿನ ಬುಡ ಹಿಡಿಯೋ ಶೆಲ್‌ಪ್ಲೇಟ್ ತಕರಾರಿಲ್ಲದೆ ಹಿಡಿಯುತ್ತೆ. ಆದರೆ ನಮ್ಮ ಪ್ರೊಗ್ರೆಸಿವ್ ಪ್ರೆಸ್‌ಗಳಲ್ಲಿ (ಒಂದೇ ಎಳೆತಕ್ಕೆ ಎಲ್ಲಾ ಹಂತ ಮಾಡೋವು) ಕೇಸೇ ಮೇಲಕ್ಕೆ ಹೋಗಿ ಮದ್ದು ಸುರಿಯೋ ಪೌಡರ್ ಫನಲ್ ತಳ್ಳಬೇಕು, ಆಗ್ಲೇ ಮದ್ದು ಅಳೆದು ಬಿಡೋ ಪೌಡರ್ ಬಾರ್ ಜರುಗೋದು. ಗಿಡ್ಡ ಕೇಸ್ ಪೂರ್ತಿ ತಳ್ಳಲ್ಲ, ಬಾರ್ ಅರ್ಧಕ್ಕೇ ನಿಲ್ಲುತ್ತೆ, ಮದ್ದು ಅರೆಬರೆ ಬೀಳುತ್ತೆ. ಗುಂಡು ಕೂರಿಸೋ ಸೀಟಿಂಗ್ ಡೈ ಬುಡದಿಂದ ಅಳೆಯೋದ್ರಿಂದ ಒಟ್ಟು ಉದ್ದ ಸರಿಯಾಗೇ ಬರುತ್ತೆ. ಡಬ್ಬಿಯಲ್ಲಿ ಜೋಡಿಸಿಟ್ಟ ಮೇಲೆ ಕಣ್ಣಿಗೆ ಗೊತ್ತೇ ಆಗಲ್ಲ. ಆವತ್ತು ರಾತ್ರಿ ಮನೆಗೆ ಬಂದು ಆ ಬ್ಯಾಚಿನ ಆರುನೂರನ್ನೂ ಒಂದೊಂದಾಗಿ ನೋಡಿದೆ. ಇನ್ನೂ ನಾಲ್ಕು ಸಿಕ್ಕವು. ನಾಲ್ಕನ್ನೂ ಪುಲ್ಲರ್ ಸುತ್ತಿಗೆಯಲ್ಲಿ ಬಡಿದು ಬಿಚ್ಚಿದೆ. ಒಂದರಲ್ಲಂತೂ ಮದ್ದು ತಳ ಮುಚ್ಚುವಷ್ಟೂ ಇರಲಿಲ್ಲ.

ಅಂದಿನಿಂದ ನನ್ನದೊಂದೇ ಪದ್ಧತಿ, ಒಂದು ಸಲವೂ ಬಿಟ್ಟಿಲ್ಲ. ನೂರು ತೂತಿನ ಆಮೋ ಬಾಕ್ಸ್ ಟ್ರೇ ತಗೊಳ್ಳಿ, ಕೇಸ್‌ಗಳನ್ನ ಬಾಯಿ ಮೇಲೆ ಮಾಡಿ ತುಂಬಿ. ಸ್ಟೀಲ್ ಸ್ಕೇಲನ್ನ ಅಂಚಿನ ಮೇಲೆ ನಿಲ್ಲಿಸಿ ಒಂದೊಂದು ಸಾಲಿನ ಮೇಲೂ ಇಡಿ. .074 ಇಂಚಿನ ವ್ಯತ್ಯಾಸ, ಅಂದ್ರೆ ಎರಡು ಎಂಎಂಗೆ ಹತ್ತಿರ. ಪಕ್ಕದಿಂದ ಟಾರ್ಚ್ ಬಿಟ್ರೆ ಗಿಡ್ಡ ಕೇಸಿನ ಮೇಲೆ ಸ್ಕೇಲ್ ಕೆಳಗಿಂದ ಬೆಳಕು ತೂರಿ ಬರುತ್ತೆ. 9ಎಂಎಂ ಮಕರೋವ್ ಅನ್ನೋ ಇನ್ನೊಂದು ತೋಟೆಯ ಕೇಸ್ ಇನ್ನೂ ಕಳ್ಳ, .713 ಇಂಚು, ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡಬೇಕು. ಆಮೇಲೆ ಟಾರ್ಚನ್ನ ನೇರ ಮೇಲಿಂದ ಬಿಟ್ಟು ನೂರು ಕೇಸಿನ ಒಳಗೂ ಇಣುಕಿ. ಒಳಗೆ .22 ಖಾಲಿ ಕೇಸ್ ಸಿಕ್ಕಿಕೊಂಡಿರೋದು, ಕಲ್ಲು, ವೆಟ್ ಟಂಬ್ಲರ್‌ನ (ಬ್ರಾಸ್ ಉರುಳಿಸಿ ತೊಳೆಯೋ ಯಂತ್ರ) ಸ್ಟೀಲ್ ಪಿನ್ ಎಲ್ಲಾ ಆಗ ಕಾಣತ್ತೆ. ನೂರಕ್ಕೆ ನಾಲ್ಕೈದು ನಿಮಿಷ ಸಾಕು. ಕೇಸ್ ಫೀಡರ್‌ಗೆ ಸುರಿದು ಹ್ಯಾಂಡಲ್ ಎಳೆಯೋರಿಗೆ ಇದು ತಡ ಅನ್ನಿಸಬಹುದು. ಅನ್ನಿಸಲಿ.

ಇಣುಕುವಾಗ ಇನ್ನೊಂದನ್ನ ಹುಡುಕಿ. ಕೆಲವು 9ಎಂಎಂ ಕೇಸ್‌ಗಳ ಒಳಗೋಡೆಯಲ್ಲಿ, ಅರ್ಧ ಆಳದಲ್ಲಿ, ಒಂದು ಮೆಟ್ಟಿಲು ಇರುತ್ತೆ. ಬಾವಿ ಕಟ್ಟೆ ಒಳಗಿನ ಬಳೆ ಥರ. ಆ ಮೆಟ್ಟಿಲಿನ ಹತ್ತಿರವೇ ಗೋಡೆ ಹರಿದು ಎರಡು ಭಾಗ ಆಗೋದುಂಟು, ಮುಂದಿನ ತುಂಡು ಚೇಂಬರಲ್ಲೇ, ಅಂದ್ರೆ ಬ್ಯಾರಲ್‌ನಲ್ಲಿ ತೋಟೆ ಕೂರೋ ಜಾಗದಲ್ಲೇ, ಉಳಿಯತ್ತೆ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಗೀರಿದ್ರೆ ಕೈಗೆ ತಾಗುತ್ತೆ. ಹೊರಗಿನ ಹೆಸರು ಯಾವುದೇ ಇರಲಿ, ಮೆಟ್ಟಿಲು ಕಂಡ್ರೆ ಗುಜರಿ ಡಬ್ಬಿಗೆ.

‘ಒನ್ಸ್ ಫೈರ್ಡ್’ ಅನ್ನೋ ಮಾತಿಗೆ ಒಂದೇ ಗಟ್ಟಿ ಸಾಕ್ಷಿ ಅಂದ್ರೆ ಮಿಲಿಟರಿ ಕ್ರಿಂಪ್. ಬುಡದಲ್ಲಿ ಡಬ್ಲ್ಯೂಸಿಸಿ ಅನ್ನೋ ತಯಾರಕರ ಗುರುತು, ಎರಡಂಕಿಯ ವರ್ಷ, ವೃತ್ತದೊಳಗೆ ಕೂಡುಚಿಹ್ನೆ ಇರೋ ನೇಟೋ ಗುರುತು, ಮತ್ತೆ ಹಳೇ ಪ್ರೈಮರ್ ಸುತ್ತ ಒತ್ತಿದ ಉಂಗುರ ಹಾಗೇ ಇದ್ರೆ ಅದು ನಿಜಕ್ಕೂ ಒಂದೇ ಸಲ ಹಾರಿದ್ದು. ಆದ್ದರಿಂದ ತೊಳೆಯದ, ಪ್ರೈಮರ್ ತೆಗೆಯದ ಕೊಳಕು ಬ್ರಾಸೇ ಕೊಳ್ಳಿ. ಹೊಳೆಯೋ ಬ್ರಾಸಲ್ಲಿ ಹಳೇ ಗೀರು, ಕಪ್ಪು ಕಲೆ ಎಲ್ಲಾ ಅಳಿಸಿಹೋಗಿರುತ್ತೆ. ತೂಕಕ್ಕೆ ಕೊಳ್ಳೋದಾದ್ರೆ 9ಎಂಎಂ ಕೇಸ್ ಸುಮಾರು 60 ಗ್ರೇನ್, ಪೌಂಡಿಗೆ 7000 ಗ್ರೇನ್, ಅಂದ್ರೆ ಪೌಂಡಿಗೆ ನೂರಹದಿನೈದರ ಆಸುಪಾಸು. ಮಿಲಿಟರಿ ಬ್ರಾಸ್ ಸಿಕ್ರೆ ಆ ಕ್ರಿಂಪ್ (ಪ್ರೈಮರ್ ಸುತ್ತ ಒತ್ತಿದ ಉಂಗುರ) ತೆಗೆಯದೆ ಹೊಸ ಪ್ರೈಮರ್ ತುರುಕ್ಬೇಡಿ. ಬಿಗಿ ಅನ್ನಿಸಿದ ಕೂಡ್ಲೇ ಹ್ಯಾಂಡಲ್ ಬಿಡಿ, ಬಲ ಹಾಕಿ ಒತ್ತೋದು ಬೇಡವೇ ಬೇಡ. ಕ್ರಿಂಪ್ ಒತ್ತಿ ತೆಗೆಯೋಕೆ ನನಗೆ ಡಿಲ್ಲನ್ ಸೂಪರ್ ಸ್ವೇಜ್ 600 ಒಗ್ಗಿದೆ. ಸ್ವಲ್ಪವೇ ಇದ್ರೆ ಕೈ ರೀಮರ್ ಸಾಕು, ಆದರೆ ಅದರಲ್ಲಿ ಜಾಸ್ತಿ ಕೆತ್ತಿಬಿಟ್ರೆ ಪಾಕೆಟ್ (ಪ್ರೈಮರ್ ಕೂರೋ ಗುಳಿ) ಸಡಿಲ ಆಗಿ ಕೇಸ್ ಹಾಳು.

ಮ್ಯಾಗ್ನೆಟ್ ಆಡಿಸಿದ್ರಾ? ಹಿತ್ತಾಳೆ ಬಣ್ಣದ ಲೇಪದ ಸ್ಟೀಲ್ ಕೇಸ್ ಬರ್ತವೆ, ಕಣ್ಣಿಗೆ ತಿಳಿಯಲ್ಲ. ಅಲ್ಯೂಮಿನಿಯಮ್ ಮ್ಯಾಗ್ನೆಟ್‌ಗೆ ಅಂಟಲ್ಲ, ಬೂದು ಬಣ್ಣ ಮತ್ತೆ ಹಗುರದಿಂದ ಹಿಡೀಬೇಕು. ಎರಡೂ ಬೇಡ. ವಿಂಚೆಸ್ಟರ್, ಸ್ಪೀರ್, ಫೆಡರಲ್, ಬ್ಲೇಜರ್ ಬ್ರಾಸ್ ನನ್ನ ಮೊದಲ ಸಾಲು. ಮ್ಯಾಚಿಗೆ ಹೊಸದೇ ಬೇಕಂದ್ರೆ ಮಿಜೂರಿಯ ಸ್ಟಾರ್‌ಲೈನ್, ಕಾಸಿಗೆ ತಕ್ಕ ಮಾಲು. ನಿಕ್ಕಲ್ ಲೇಪದ್ದು ಚೆನ್ನಾಗಿ ಜಾರುತ್ತೆ, ಆದರೆ ಬಾಯಿ ಬೇಗ ಸೀಳುತ್ತೆ.

.45 ತೋಟೆಗೂ ಕೈ ಹಾಕ್ತೀನಿ ಅಂದಿದ್ದೀರಿ. ಅದರಲ್ಲಿ ಲಾರ್ಜ್ ಪ್ರೈಮರ್, ಸ್ಮಾಲ್ ಪ್ರೈಮರ್ ಎರಡೂ ಇವೆ, ಬ್ಲೇಜರ್ ಮತ್ತೆ ಫೆಡರಲ್‌ನಲ್ಲಿ ಸ್ಮಾಲ್ ಹೆಚ್ಚು ಸಿಗುತ್ತೆ. ಬೆರೆಸಿದ್ರೆ ಸಣ್ಣ ಪಾಕೆಟ್ಟಿಗೆ ದೊಡ್ಡ ಪ್ರೈಮರ್ ಜಜ್ಜಿಹೋಗುತ್ತೆ, ಜೀವಂತ ಪ್ರೈಮರ್ ಅದು. .40 ಆದ್ರೆ ಬುಡದ ಹತ್ತಿರ ಒಂದು ಕಡೆ ಉಬ್ಬಿದೆಯಾ ಅಂತ ಬೆರಳಲ್ಲಿ ತಿರುಗಿಸಿ ನೋಡಿ. ನಗುವಿನ ಆಕಾರದ ಗೆರೆ ಬಿದ್ದಿದ್ರೆ ಎಸೀರಿ, ಡೈನಲ್ಲಿ ಒತ್ತಿ ಸೈಜ್ ಮಾಡಿದ್ರೆ ಗೆರೆ ಮಾಯ ಆಗ್ಬಹುದು, ಲೋಹ ಮೊದಲಿನಂತೆ ಆಗಲ್ಲ. ಇನ್ನೊಂದು, 9ಎಂಎಂ ಹೋಗಿ .40 ಒಳಗೆ, .40 ಹೋಗಿ .45 ಒಳಗೆ, ಡಬ್ಬಿಯೊಳಗೆ ಡಬ್ಬಿ ಥರ ಕೂರ್ತವೆ. ಟಂಬ್ಲರ್‌ಗೆ ಹಾಕೋ ಮುಂಚೆಯೇ ಬಿಡಿಸಿ.

ತೊಳೆಯೋ ವಿಷಯಕ್ಕೆ ಬಂದ್ರೆ, ನಿಮ್ಮ ಫೋಟೋದಲ್ಲಿ ಸಿಂಕ್ ಪಕ್ಕ ಅನ್ನ ಬಸಿಯೋ ತೂತಿನ ಪಾತ್ರೆ ಕಂಡೆ. ಬ್ರಾಸ್ ಅದರಲ್ಲಿ ಸೋಸಿದ್ರೆ ಆ ಪಾತ್ರೆ ಇನ್ನು ಅಡುಗೆಮನೆಗೆ ಬರಕೂಡದು. ಪ್ರೈಮರ್ ಮಸಿಯಲ್ಲಿ ಸೀಸ ಇರುತ್ತೆ. ಮನೇಲಿ ಚಿಕ್ಕ ಮಗು ಇದೆ ಅಂತ ನೀವೇ ಹಿಂದೆ ಬರೆದಿದ್ರಿ. ಗ್ಯಾರೇಜಲ್ಲಿ ಬೇರೆ ಬಕೆಟ್ ಇಡಿ, ಗ್ಲೌಸ್ ಹಾಕಿ, ಒಣ ಟಂಬ್ಲರ್ ಧೂಳನ್ನ ಮನೆಯೊಳಗೆ ಕೊಡವಲೇಬೇಡಿ. ಇದರಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡಲ್ಲ.

ಕೆಳಗೆ ಕಾಮೆಂಟಲ್ಲಿ ಒಬ್ಬರು ಹುಣಸೆಹಣ್ಣಲ್ಲಿ ಉಜ್ಜಿ, ದೇವರ ಸಾಮಾನಿನ ಥರ ಹೊಳೆಯುತ್ತೆ ಅಂದಿದ್ದಾರೆ. ಹುಳಿ ಹೆಚ್ಚು ಹೊತ್ತು ಬಿಟ್ರೆ ಸತು ಕರಗಿ ಮೇಲ್ಮೈ ಗುಲಾಬಿಗೆ ತಿರುಗುತ್ತೆ. ಸಿಟ್ರಿಕ್ ಆಸಿಡ್ ಒಂದು ಚಿಟಿಕೆ, ಒಂದು ತೊಟ್ಟು ಪಾತ್ರೆ ತೊಳೆಯೋ ಡಾನ್ ಸೋಪು, ಚೆನ್ನಾಗಿ ಜಾಲಿಸೋದು, ಅಷ್ಟೇ ಸಾಕು. ಅಮೋನಿಯಾ ಇರೋ ಪಾಲಿಶ್ ಅಂತೂ ಮುಟ್ಟಲೇಬೇಡಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ತೋಟೆಗಳು ತಾವಾಗೇ ಬಿರುಕು ಬಿಡ್ತಿದ್ದವು. ಲಾಯದ ಅಮೋನಿಯಾ, ಹಿತ್ತಾಳೆಯೊಳಗೆ ಉಳಿದ ಬಿಗಿತ, ಎರಡೂ ಸೇರಿ ಹಾಗಾಗೋದು ಅಂತ ಗೊತ್ತಾಗಿದ್ದು 1921ರಲ್ಲಿ. ಇವತ್ತಿಗೂ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಾನೇ ಹೆಸರು. ನಮ್ಮ ಕೇಸೂ ಅದೇ 70 ಪಾಲು ತಾಮ್ರ, 30 ಪಾಲು ಸತು.

ಮೊದಲ ಹತ್ತು ತೋಟೆ ತುಂಬಿ ಆದ ಮೇಲೆ ಒಂದೊಂದರ ಉದ್ದಾನೂ ಕ್ಯಾಲಿಪರಲ್ಲಿ ಅಳೆದು, ಗುಂಡಿನ ಮೂತಿಯನ್ನ ಬೆಂಚಿಗೆ ಹೆಬ್ಬೆರಳಿನ ಬಲದಲ್ಲಿ ಒತ್ತಿ, ಮತ್ತೆ ಅಳೀರಿ. ಗುಂಡು ಒಳಗೆ ಜಾರಿದ್ರೆ ಆ ಕೇಸಿನ ಹಿಡಿತ ಸಾಲದು. 9ಎಂಎಂ ಒಳಗಿನ ಜಾಗ ಕಮ್ಮಿ, ಗುಂಡು ಸ್ವಲ್ಪ ಜಾರಿದ್ರೂ ಒತ್ತಡ ತುಂಬಾ ಏರುತ್ತೆ. ಬ್ಯಾರಲ್ ಬಿಚ್ಚಿ ಚೇಂಬರಿಗೆ ಬಿಟ್ಟು ‘ಟಣ್’ ಅಂತ ಕೂರುತ್ತಾ ಅಂತಲೂ ನೋಡಿ. ಮದ್ದಿನ ಅಳತೆ ಇನ್‌ಬಾಕ್ಸಲ್ಲಿ ಕೇಳಿದ್ರಿ, ನಾನು ಹೇಳಲ್ಲ. ಮ್ಯಾನುಯಲ್ ತೆಗೀರಿ, ಕೆಳಗಿನ ಅಳತೆಯಿಂದ ಶುರು ಮಾಡಿ.

ಊರಿಂದ ಓದ್ತಿರೋರಿಗೆ: ಇದೆಲ್ಲಾ ಅಮೆರಿಕದ ಮಾತು. ಭಾರತದಲ್ಲಿ 9ಎಂಎಂ ನಿಷೇಧಿತ ಬೋರ್. ಇಲ್ಲಿಂದ ರಜೆಗೆ ಊರಿಗೆ ಹೊರಟೋರು ರೇಂಜಿಗೆ ಒಯ್ಯೋ ಬ್ಯಾಗಲ್ಲಿ ಬಟ್ಟೆ ತುಂಬ್ಬೇಡಿ, ಹೊಲಿಗೆ ಸಂದಿಯಲ್ಲಿ ಒಂದು ಖಾಲಿ ಕೇಸ್ ಉಳಿದಿದ್ರೂ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಉತ್ತರ ಕೊಡ್ಬೇಕಾಗುತ್ತೆ.

ಆ ನೀಲಿ ಟವೆಲ್ ಪಕ್ಕದ ಗಿಡ್ಡ ಕೇಸನ್ನ ಈಗಲೇ ಎತ್ತಿ, ಹೆಡ್‌ಸ್ಟ್ಯಾಂಪ್ ಫೋಟೋ ಇಲ್ಲೇ ಕೆಳಗೆ ಹಾಕಿ. ಮೊದಲ ನೂರರ ಟ್ರೇದಲ್ಲಿ ಎಷ್ಟು ಸಿಕ್ಕವು ಅಂತಲೂ ಬರೀರಿ.