ಗೋಡೆ ನೋಡಿ ಓದುವುದನ್ನು ಮೊದಲು ಬಿಡಿ

ಈ ಸಲದ ಪತ್ರಗಳ ಕಟ್ಟಿನಲ್ಲಿ ಪಿಪಿಟಿಯದೇ, ಅಂದರೆ ಪವರ್‌ಪಾಯಿಂಟಿನಲ್ಲಿ ಮಾಡಿ ಪರದೆ ಮೇಲೆ ತೋರಿಸುವ ಸ್ಲೈಡುಗಳದೇ ದರ್ಬಾರು. ಮೇಡಂ, ಡೇರಿ ಕಾರ್ಯದರ್ಶಿ, ಎಂಜಿನಿಯರ್, ಕಾಲೇಜು ಹುಡುಗಿ, ಎಲ್ಲರಿಗೂ ಯಾರೋ ‘ಒಂದು ಪಿಪಿಟಿ ಮಾಡ್ಕೊಂಡು ಬನ್ನಿ’ ಅಂದಿದ್ದಾರೆ. ಹೇಗೆ ಅಂತ ಮಾತ್ರ ಹೇಳಿಲ್ಲ. ಹೆಸರು ಹಾಕಬೇಡಿ ಅಂದವರೇ ಹೆಚ್ಚಾದ್ದರಿಂದ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮನೆಯ ಲ್ಯಾಪ್‌ಟಾಪಿನಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಚೆನ್ನಾಗಿ ಸ್ಲೈಡ್ ಮಾಡಿಕೊಂಡು ತರಬೇತಿಗೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಎಲ್ಲ ಚಿತ್ರವಿಚಿತ್ರ ಅಕ್ಷರ. ನಲವತ್ತು ಜನ ಶಿಕ್ಷಕರ ಮುಂದೆ ಮಾನ ಹೋಯಿತು. ಏನು ಕಾರಣ?
— ಪ್ರೌಢಶಾಲಾ ಶಿಕ್ಷಕಿ, ಹೊಸದುರ್ಗ

ಮಾನ ಹೋಗಿಲ್ಲ ಬಿಡಿ, ಆ ನಲವತ್ತು ಜನರಲ್ಲಿ ಅರ್ಧ ಜನಕ್ಕೆ ಇದು ಆಗಿರುತ್ತದೆ. ‘ಕನ್ನಡ’ ಅಂತ ಬರೆದಿದ್ದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟು ಇರುವ ಎ, ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಂಡಿತಲ್ಲವೇ? ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಆ ಪೌಂಡ್ ಚಿಹ್ನೆ ಗುರುತು ಸಿಗುತ್ತದೆ.

ವಿಷಯ ಇಷ್ಟೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದರೆ ಫೈಲಿನೊಳಗೆ ಕೂರುವುದು ಕನ್ನಡವಲ್ಲ, ಆ ಇಂಗ್ಲಿಷ್ ಚಿಹ್ನೆಗಳೇ. ಅವುಗಳಿಗೆ ಕನ್ನಡದ ರೂಪ ತೊಡಿಸುವುದು ‘ನುಡಿ 01 ಇ’ಯಂಥ ಫಾಂಟು. ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದಿರೋ, ವೇಷ ಕಳಚಿ ಒಳಗಿದ್ದದ್ದು ಹೊರಬೀಳುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತಗಳ ಪದ್ಧತಿ ಯೂನಿಕೋಡ್ ಹಾಗಲ್ಲ. ಅದರಲ್ಲಿ ‘ಕ’ ಅಂದರೆ ಯಾವ ಯಂತ್ರದಲ್ಲೂ ‘ಕ’ವೇ. ನಿಮ್ಮ ಫೋನಿನ ವಾಟ್ಸಾಪಿನಲ್ಲಿ ಕನ್ನಡ ಎಂದೂ ಒಡೆಯುವುದಿಲ್ಲ, ಗಮನಿಸಿದ್ದೀರಾ? ಅದು ಯೂನಿಕೋಡ್.

ಇನ್ನು ಮೇಲೆ ಹೀಗೆ ಮಾಡಿ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಬಳಸಿ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಅಲ್ಲೂ ಇರುವುದರಿಂದ ಬೆರಳಿಗೆ ಹೊಸ ಪಾಠ ಬೇಕಿಲ್ಲ. ಫಾಂಟು ಆರಿಸುವಾಗ ‘ನಿರ್ಮಲಾ ಯುಐ’ ಇಟ್ಟುಕೊಳ್ಳಿ. ವಿಂಡೋಸ್ 8ರಿಂದ ಈಚೆಗೆ ಅದು ಜೊತೆಗೇ ಬರುತ್ತದೆ. ‘ತುಂಗಾ’ ಅಂದವಾಗಿದೆ ನಿಜ, ಆದರೆ ವಿಂಡೋಸ್ 10ರಲ್ಲಿ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು, ಇನ್ನೊಬ್ಬರ ಯಂತ್ರದಲ್ಲಿ ಇರುತ್ತದೆ ಅಂತ ನಂಬಬೇಡಿ. ಹಳೆಯ ಸ್ಲೈಡುಗಳ ಪಠ್ಯವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು, ಆಮೇಲೆ ಅರ್ಕಾವತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ. ‘ವರ್ಗ’, ‘ಕಾರ್ಯ’ ಸರಿಯಾಗಿ ಬಂದಿದ್ದರೆ ಉಳಿದದ್ದೂ ಬಹುಮಟ್ಟಿಗೆ ಬಂದಿರುತ್ತದೆ. ನಾಳೆಯೇ ತರಬೇತಿ ಇದೆ, ಇದಕ್ಕೆಲ್ಲ ಸಮಯವಿಲ್ಲ ಅನ್ನುವವರು ಮನೆಯ ಯಂತ್ರದಲ್ಲೇ ‘ಸೇವ್ ಆ್ಯಸ್’ಗೆ ಹೋಗಿ ಪಿಡಿಎಫ್ ಮಾಡಿ ಒಯ್ಯಿರಿ. ಅಕ್ಷರ ಕುಣಿಯುತ್ತಾ ಬರುವ ಅನಿಮೇಷನ್ ಪಿಡಿಎಫ್‌ನಲ್ಲಿ ಬರುವುದಿಲ್ಲ. ಅದೂ ಒಂದು ಲಾಭವೇ.

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಈ ವರ್ಷ ಪ್ರೊಜೆಕ್ಟರ್ ಇಟ್ಟೆವು. ಆಡಿಟ್ ಆದ ಲಾಭ-ನಷ್ಟದ ತಃಖ್ತೆಯನ್ನು ಎಕ್ಸೆಲ್‌ನಿಂದ ಹಾಗೇ ತಂದು ಸ್ಲೈಡಿಗೆ ಹಾಕಿದ್ದೆ. ಹಿಂದೆ ಕುಳಿತವರು ‘ಏನೂ ಕಾಣಲ್ಲ ಸ್ವಾಮಿ’ ಅಂತ ಗಲಾಟೆ ಮಾಡಿದರು. ಪ್ರೊಜೆಕ್ಟರ್ ಬಾಡಿಗೆ ದಂಡ ಅಂದರು. ಮುಂದಿನ ವರ್ಷ ಬೇಡವೇ ಬೇಡ ಅನಿಸಿದೆ.
— ಸಂಘದ ಕಾರ್ಯದರ್ಶಿ, ಚನ್ನರಾಯಪಟ್ಟಣ ತಾಲ್ಲೂಕು

ಪ್ರೊಜೆಕ್ಟರ್ ಇರಲಿ, ತಃಖ್ತೆ ಬೇಡ. ತಃಖ್ತೆಯ ಜಾಗ ಕೈಯಲ್ಲಿ. ಜೆರಾಕ್ಸ್ ಮಾಡಿಸಿ ಬಾಗಿಲಲ್ಲೇ ಹಂಚಿ, ಬೇಕಾದವರು ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ನೋಡಲಿ.

ಪರದೆ ಇರುವುದು ಸಭೆಯ ಎಲ್ಲರ ಕಣ್ಣೂ ಒಂದೇ ಸಂಗತಿಯ ಮೇಲೆ ಬೀಳಲಿ ಅಂತ. ನಿಮ್ಮ ಸದಸ್ಯರು ಕೇಳುವುದು ಏನನ್ನು? ಬೋನಸ್ ಎಷ್ಟು, ಹೋದ ವರ್ಷಕ್ಕಿಂತ ಕಡಿಮೆ ಯಾಕೆ, ಕಟ್ಟಡದ ಬಾಬ್ತು ಎಷ್ಟು ಹೋಯಿತು. ಹಾಗಾದರೆ ನಿಮಗೆ ಬೇಕಾದ ಮುಖ್ಯ ಸ್ಲೈಡುಗಳೂ ಅಷ್ಟೆ. ಪ್ರತಿಯೊಂದರ ತಲೆಬರಹ ಪೂರ್ತಿ ವಾಕ್ಯವಾಗಿರಲಿ. ‘ಹಾಲು ಸಂಗ್ರಹಣೆಯ ವಿವರ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಹಾಲು ಇಳಿಯಿತು, ಉಳಿದ ತಿಂಗಳು ಹೋದ ವರ್ಷದಷ್ಟೇ ಇದೆ’ ಅಂತ ಬರೆಯಿರಿ. ಓದು ಬಾರದ ಅಜ್ಜನೂ ಪಕ್ಕದವನಿಂದ ಓದಿಸಿಕೊಂಡು ‘ಹೌದು, ಮೇವಿರಲಿಲ್ಲ’ ಅನ್ನುತ್ತಾನೆ. ಚರ್ಚೆ ಅಲ್ಲಿಂದ ಶುರು.

ಅದರ ಕೆಳಗೆ ಹನ್ನೆರಡು ತಿಂಗಳ ಕಂಬಗಳ ಚಾರ್ಟು, ಬೇರೇನೂ ಬೇಡ. ಎಲ್ಲ ಕಂಬಗಳಿಗೂ ಬೂದು ಬಣ್ಣ, ಏಪ್ರಿಲ್ ಮತ್ತು ಮೇ ಕಂಬಕ್ಕೆ ಮಾತ್ರ ಕೆಂಪು. ಇದನ್ನು ಮಾಡಲು ಬಾರದೆ ಎಷ್ಟೋ ಜನ ಕೈಬಿಡುತ್ತಾರೆ, ಕಷ್ಟವೇನಿಲ್ಲ. ಒಂದು ಕಂಬದ ಮೇಲೆ ಕ್ಲಿಕ್ ಮಾಡಿದರೆ ಎಲ್ಲ ಕಂಬಗಳೂ ಆಯ್ಕೆಯಾಗುತ್ತವೆ. ಒಂದು ಗಳಿಗೆ ಬಿಟ್ಟು ಅದೇ ಕಂಬದ ಮೇಲೆ ಮತ್ತೆ ಕ್ಲಿಕ್ ಮಾಡಿ, ಈಗ ಅದೊಂದೇ ಉಳಿಯುತ್ತದೆ. ಆಗ ಬಣ್ಣ ತುಂಬಿ. ಅವಸರದಲ್ಲಿ ಡಬಲ್ ಕ್ಲಿಕ್ ಮಾಡಿದರೆ ಬೇರೇನೋ ಕಿಟಕಿ ತೆರೆದುಕೊಳ್ಳುತ್ತದೆ, ನಿಧಾನವೇ ಇಲ್ಲಿ ಜಾಣತನ.

ಅಂಕಿಗಳ ವಿಚಾರಕ್ಕೆ ಬಂದರೆ, ಪರದೆ ಮೇಲೆ 12,34,567 ರೂಪಾಯಿ 50 ಪೈಸೆ ಯಾಕೆ? ‘12.3 ಲಕ್ಷ’ ಸಾಕು, ಪೈಸೆ ಜೆರಾಕ್ಸಿನಲ್ಲಿದೆ. ಕೆಲವರ ಎಕ್ಸೆಲ್‌ನಲ್ಲಿ ಅಲ್ಪವಿರಾಮ ಅಮೆರಿಕದವರ ಹಾಗೆ ಮೂರು ಮೂರು ಅಂಕಿಗೆ ಬೀಳುತ್ತದೆ. ವಿಂಡೋಸಿನ ‘ರೀಜನ್’ ಸೆಟ್ಟಿಂಗಿನಲ್ಲಿ ಇಂಡಿಯಾ ಆರಿಸಿದರೆ ಲಕ್ಷ, ಕೋಟಿಯ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಅನುಮಾನ ನನಗೆ: ನಿಮ್ಮ ಸಭೆ ನಡೆದದ್ದು ಸಮುದಾಯ ಭವನದಲ್ಲಿ, ಹಗಲು, ಕಿಟಕಿಗೆ ಪರದೆ ಇಲ್ಲದೆ. ಸ್ಲೈಡಿನ ಹಿನ್ನೆಲೆ ಕಡುನೀಲಿ. ಹೌದು ತಾನೇ? ಪ್ರೊಜೆಕ್ಟರಿಗೆ ಕತ್ತಲೆಯನ್ನು ಬಿಡಲು ಬರುವುದಿಲ್ಲ, ಅದು ಬಿಡುವುದು ಬೆಳಕನ್ನು ಮಾತ್ರ. ಹಗಲ ಬೆಳಕು ಗೋಡೆಗೆ ಬಿದ್ದಾಗ ನಿಮ್ಮ ಕಡುನೀಲಿ ಮಾಸಲು ಬೂದಿಯಾಗುತ್ತದೆ, ಮೇಲಿನ ಹಳದಿ ಅಕ್ಷರ ಅದರಲ್ಲೇ ಕರಗುತ್ತದೆ. ಬೆಳಕಿರುವ ಕಡೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರವೇ ಸರಿ. ಅಕ್ಷರ 28 ಪಾಯಿಂಟಿಗೆ ಕಡಿಮೆ ಇರಬಾರದು. ಇಂಗ್ಲಿಷಿನವರು 24 ಸಾಕು ಅಂದರೂ ಕೇಳಬೇಡಿ, ಅವರಿಗೆ ಒತ್ತಕ್ಷರ ಇಲ್ಲ. ‘ಲಕ್ಷ್ಮಮ್ಮ’ ಅಂತ 18ರಲ್ಲಿ ಬರೆದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ, ಕೆಳಗಿನ ಒತ್ತೆಲ್ಲ ಒಂದೇ ಮಸಿಯ ಚುಕ್ಕೆ. ಸಾಲುಗಳ ನಡುವಿನ ಅಂತರವನ್ನೂ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸುವಿಗೆ ತಾಗುತ್ತದೆ.

ಪ್ರಶ್ನೆ: ಇಲಾಖೆಯ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಿದ್ದೇನೆ. ಪ್ರಗತಿ ಪರಿಶೀಲನಾ ಸಭೆಗೆ ನಾನು ಮಾಡುವ ಸ್ಲೈಡಿನಲ್ಲಿ ಎಲ್ಲ ಮಾಹಿತಿಯೂ ಇರುತ್ತದೆ. ಆದರೂ ಸಾಹೇಬರು ಆಮೇಲೆ ‘ಇದನ್ನು ಮೊದಲೇ ಯಾಕೆ ಹೇಳಲಿಲ್ಲ’ ಅಂತ ಬೈಯುತ್ತಾರೆ.
— ಕಿರಿಯ ಎಂಜಿನಿಯರ್, ಸಿಂಧನೂರು

ನೀವು ಹೇಳಿರುತ್ತೀರಿ, ಆರನೇ ಬುಲೆಟ್ಟಿನಲ್ಲಿ.

ಸರ್ಕಾರಿ ನೌಕರರಿಗೆ ಆ ಪರೀಕ್ಷೆ ಬಂದದ್ದು 2012ರ ನಿಯಮಗಳಿಂದ. ಸ್ಲೈಡ್ ಸೇರಿಸುವುದು, ಸೇವ್ ಮಾಡುವುದು ಬರುತ್ತದೆಯೇ ಅಂತ ಪರೀಕ್ಷೆ ಕೇಳಬಹುದು. ಯಾವ ಮಾತು ಮೇಲಿರಬೇಕು ಅಂತ ಯಾವ ಪರೀಕ್ಷೆಯೂ ಕೇಳುವುದಿಲ್ಲ.

ಇದು ಸಣ್ಣ ವಿಷಯವಲ್ಲ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಿತ್ತು ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ನಾಸಾ ಅಧಿಕಾರಿಗಳಿಗೆ ಸ್ಲೈಡ್ ತೋರಿಸಿದರು. ಒಂದು ಸ್ಲೈಡಿನ ತಲೆಬರಹ ಓದಿದರೆ ಭಯಪಡುವಂಥದ್ದೇನಿಲ್ಲ ಅನಿಸುತ್ತಿತ್ತು. ಅದರ ತೀರಾ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದದ್ದು ಇದು: ಫೋಮಿನ ಗಾತ್ರ 1,920 ಘನ ಇಂಚು, ಬಡಿದರೆ ಏನಾಗುತ್ತದೆ ಅಂತ ಹಿಂದೆ ಪರೀಕ್ಷಿಸಿ ನೋಡಿದ ತುಂಡು 3 ಘನ ಇಂಚು. ಅಂದರೆ ಆರುನೂರು ಪಟ್ಟಿಗೂ ಮೀರಿದ ವ್ಯತ್ಯಾಸ! ತಮ್ಮ ಪರೀಕ್ಷೆಯ ಲೆಕ್ಕ ಇಲ್ಲಿಗೆ ಅನ್ವಯಿಸುವುದೇ ಇಲ್ಲ ಅನ್ನುವ ಮಾತು ಅಲ್ಲಿತ್ತು, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಫೆಬ್ರುವರಿ 1ರಂದು ಮರಳುವಾಗ ನೌಕೆ ಛಿದ್ರವಾಯಿತು. ನಮ್ಮ ಕರ್ನಾಲಿನ ಹುಡುಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದರು. ಸ್ಲೈಡಿನಿಂದ ನೌಕೆ ಬಿತ್ತು ಅಂತ ನಾನು ಹೇಳುತ್ತಿಲ್ಲ, ರೆಕ್ಕೆಗೆ ತೂತು ಬಿದ್ದಿತ್ತು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡಿಗೇ ಜಾಗ ಕೊಟ್ಟು, ಇದನ್ನು ಓದಿದ ಹಿರಿಯ ಅಧಿಕಾರಿಗೆ ಜೀವಕ್ಕೆ ಅಪಾಯವಿದೆ ಎಂದು ಹೊಳೆಯದೇ ಹೋಗಬಹುದು ಎಂಬರ್ಥದ ಮಾತು ಬರೆಯಿತು.

ನಿಮ್ಮ ಸ್ಲೈಡಿಗೆ ಬರೋಣ. ‘ಸೇತುವೆ ಕಾಮಗಾರಿ: ಪ್ರಗತಿ ವರದಿ’ ಅಂತ ಹಾಕಿ ಕೆಳಗೆ ಟೆಂಡರ್ ದಿನಾಂಕದಿಂದ ಶುರುಮಾಡುತ್ತೀರಿ. ‘ಎರಡನೇ ಕಂಬದ ಕಾಂಕ್ರೀಟಿನ 28 ದಿನದ ಕ್ಯೂಬ್ ಟೆಸ್ಟ್ ಫೇಲಾಗಿದೆ, ಮುಂದೇನು ಅಂತ ಇಂದೇ ತೀರ್ಮಾನವಾಗಬೇಕು’ ಅನ್ನುವುದು ತಲೆಬರಹವಾಗಲಿ. ಬೈಗುಳ ಆಗಲೂ ಬೀಳಬಹುದು, ಆದರೆ ‘ಮೊದಲೇ ಹೇಳಲಿಲ್ಲ’ ಅಂತ ಬೀಳುವುದಿಲ್ಲ.

ಪ್ರಶ್ನೆ: ಬಿಎಸ್ಸಿ ಎರಡನೇ ವರ್ಷ. ಸೆಮಿನಾರ್ ಅಂದರೆ ಕೈಕಾಲು ನಡುಗುತ್ತದೆ. ಮರೆತುಹೋದರೆ ಅಂತ ಎಲ್ಲವನ್ನೂ ಸ್ಲೈಡಿನಲ್ಲೇ ಬರೆದುಕೊಂಡು ನೋಡಿ ಓದುತ್ತೇನೆ. ಲೆಕ್ಚರರ್ ಅರ್ಧದಲ್ಲೇ ಕೂರಿಸಿದರು.
— ವಿದ್ಯಾರ್ಥಿನಿ, ಕಲಬುರಗಿ

ಕೂರಿಸಬಾರದಿತ್ತು. ಆದರೆ ಗೋಡೆ ಕಡೆ ಮುಖ, ಸಭೆ ಕಡೆ ಬೆನ್ನು ಮಾಡಿ ನಿಲ್ಲುವುದೂ ಬೇಡ ಕಣಮ್ಮ. ನೀನು ಬಾಯಲ್ಲಿ ಮೂರನೇ ಸಾಲು ಓದುವಷ್ಟರಲ್ಲಿ ಅವರು ಕಣ್ಣಲ್ಲಿ ಪೂರ್ತಿ ಓದಿ ಮುಗಿಸಿ ಫೋನ್ ತೆಗೆದಿರುತ್ತಾರೆ.

ಮರೆವಿನ ಭಯಕ್ಕೆ ಪವರ್‌ಪಾಯಿಂಟಿನಲ್ಲೇ ಮದ್ದಿದೆ. ಸ್ಲೈಡಿನ ಕೆಳಗೆ ‘ನೋಟ್ಸ್’ ಅಂತ ಜಾಗ ಇರುತ್ತದೆ, ಬರೆಯಬೇಕಾದ್ದನ್ನೆಲ್ಲ ಅಲ್ಲಿ ಬರೆ. ಪ್ರೊಜೆಕ್ಟರ್ ವೈರ್ ಚುಚ್ಚಿದ ಮೇಲೆ ವಿಂಡೋಸ್ ಕೀ ಹಿಡಿದು ಪಿ ಒತ್ತು, ‘ಎಕ್ಸ್‌ಟೆಂಡ್’ ಆರಿಸು. ‘ಪ್ರೆಸೆಂಟರ್ ವ್ಯೂ’ನಲ್ಲಿ ಸಭೆಗೆ ಸ್ಲೈಡ್ ಮಾತ್ರ, ನಿನಗೆ ನಿನ್ನ ನೋಟ್ಸ್, ಮುಂದಿನ ಸ್ಲೈಡ್ ಮತ್ತು ಗಡಿಯಾರ. ಇದು ಕೈಕೊಟ್ಟರೆ ಪೋಸ್ಟ್‌ಕಾರ್ಡಿನಷ್ಟು ಕಾಗದದಲ್ಲಿ ಬರೆದಿಟ್ಟುಕೊಂಡರೂ ಯಾರೂ ನಗುವುದಿಲ್ಲ. ಸ್ಲೈಡಿನಲ್ಲಿ ಚಿತ್ರ ಇರಲಿ, ನಿನ್ನ ಪ್ರಯೋಗದ ಗ್ರಾಫ್ ಇರಲಿ.

ಎಫ್5 ಒತ್ತಿದರೆ ಶೋ ಮೊದಲಿನಿಂದ ಶುರುವಾಗುತ್ತದೆ. ಶಿಫ್ಟ್ ಹಿಡಿದು ಎಫ್5 ಒತ್ತಿದರೆ ನೀನಿರುವ ಸ್ಲೈಡಿನಿಂದ. ನಡುವೆ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸು ಬರುತ್ತದೆ. ಈ ಬಿ ನನಗೆ ತುಂಬ ಇಷ್ಟ. ಯಾರಾದರೂ ಪ್ರಶ್ನೆ ಕೇಳಿದಾಗ ಒತ್ತಿ ನೋಡು, ಅಷ್ಟೂ ತಲೆಗಳು ನಿನ್ನ ಕಡೆ ತಿರುಗುತ್ತವೆ. ‘ಏಳನೇ ಸ್ಲೈಡ್ ತೋರಿಸು’ ಅಂದರೆ ಒಂದೊಂದೇ ಹಿಂದೆ ಸರಿಸುತ್ತಾ ಹೋಗಬೇಡ, 7 ಒತ್ತಿ ಎಂಟರ್ ಹೊಡೆ.

ಮನೆಯಲ್ಲಿ ಫೋನಿನಲ್ಲಿ ಟೈಮರ್ ಇಟ್ಟು ಜೋರಾಗಿ ಹೇಳಿ ಅಭ್ಯಾಸ ಮಾಡು. ಮನಸ್ಸಿನಲ್ಲೇ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠವಾಗಿರಲಿ, ನಡುಕ ಇರುವುದೇ ಅಲ್ಲಿ. ಹಿಂದಿನ ದಿನ ಹೋಗಿ ವೈರ್ ನೋಡಿ ಬಾ. ಕಾಲೇಜಿನ ಹಳೆ ಪ್ರೊಜೆಕ್ಟರಿನದು ನೀಲಿ ಬಾಯಿಯ ವಿಜಿಎ, ಹೊಸ ಲ್ಯಾಪ್‌ಟಾಪಿನದು ಎಚ್‌ಡಿಎಂಐ ಆಗಿದ್ದರೆ ನಡುವೆ ಕನ್ವರ್ಟರ್ ಬೇಕಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಗ್ರಂಥಪಾಲಕಿ. ಕಂಪ್ಯೂಟರ್ ಕಲಿಯುವ ಆಸೆ. ಮೊಮ್ಮಗ ‘ಫೋನ್ ಸಾಕಲ್ಲ ಅಜ್ಜಿ’ ಅನ್ನುತ್ತಾನೆ. ಎಲ್ಲಿಂದ ಶುರು ಮಾಡಲಿ?
— ಮೈಸೂರು

ಮೊಮ್ಮಗನಿಗೆ ಹೇಳಿ, ಅವನ ಫೋನಿನಲ್ಲಿ ಹೋದ ತಿಂಗಳು ಡೌನ್‌ಲೋಡ್ ಮಾಡಿದ ಪಿಡಿಎಫ್ ಎಲ್ಲಿದೆ ಅಂತ ಹುಡುಕಿ ಕೊಡಲಿ. ಪರದಾಡುತ್ತಾನೆ. ನೀವು ಪರದಾಡುವುದಿಲ್ಲ. ಯಾವುದು ಯಾವ ಕಪಾಟಿನಲ್ಲಿ ಅನ್ನುವುದೇ ನಿಮ್ಮ ಉದ್ಯೋಗವಾಗಿತ್ತು. ಮೊದಲು ಕಲಿಯಬೇಕಾದ್ದು ಅದೇ: ಫೋಲ್ಡರ್ ಮಾಡುವುದು, ಫೈಲಿಗೆ ಹೆಸರಿಡುವುದು, ಸೇವ್ ಒತ್ತಿದಾಗ ಅದು ಹೋಗಿ ಕೂತದ್ದೆಲ್ಲಿ ಅಂತ ನೋಡಿಕೊಳ್ಳುವುದು. ಹೆಸರಿನ ಮುಂದೆ 2025-06-14 ಎಂಬಂತೆ ವರ್ಷ, ತಿಂಗಳು, ದಿನ ಹಾಕಿದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲಾಗುತ್ತವೆ.

ಮೌಸ್ ಹಿಡಿತಕ್ಕೆ ಬರಲು ಸಾಲಿಟೇರ್ ಇಸ್ಪೀಟು ಆಡಿ. ನಾಚಿಕೆ ಬೇಡ, 1990ರ ವಿಂಡೋಸ್ 3.0 ಕಾಲದಿಂದ ಎಷ್ಟೋ ಜನ ಎಳೆದು ಬಿಡುವ ವಿದ್ಯೆ ಕಲಿತದ್ದು ಅದರಿಂದಲೇ. ತಪ್ಪು ಒತ್ತಿದರೆ ಕಂಟ್ರೋಲ್ ಹಿಡಿದು ಝಡ್, ಮಾಡಿದ್ದು ಹಿಂದಕ್ಕೆ ಹೋಗುತ್ತದೆ. ಕಂಪ್ಯೂಟರ್ ಕೆಡುತ್ತದೆ ಅನ್ನುವ ಭಯವಿದ್ದವರೆಲ್ಲ ಇದೊಂದನ್ನು ಕಲಿತ ಮೇಲೆ ಧೈರ್ಯವಾಗಿ ಕೂರುವುದನ್ನು ನೋಡಿದ್ದೇನೆ.

ಪ್ರಶ್ನೆ: ಕೊನೆಯ ಸ್ಲೈಡಿನಲ್ಲಿ ಗುಲಾಬಿ ಹೂವು ಹಾಕಿ ‘ಧನ್ಯವಾದಗಳು’ ಬರೆಯಲೇಬೇಕೆ?
— ದಾವಣಗೆರೆ

ಬೇಡ. ಧನ್ಯವಾದ ಬಾಯಲ್ಲಿ ಹೇಳಿ. ಜನ ಪ್ರಶ್ನೆ ಕೇಳುವ ಹೊತ್ತಿನಲ್ಲಿ ಪರದೆ ಮೇಲೆ ನಿಮ್ಮ ಮುಖ್ಯ ಚಾರ್ಟೇ ಇರಲಿ.

ಪ್ರಶ್ನೆ: ಪ್ರಿಂಟ್ ಹಾಕಿಸಿ ಬಂದ ಮೇಲೆ ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಎಲ್ಲ ಹೋಯಿತೇ?
— ಶಿರಸಿ

ಬಹುಶಃ ಹೋಗಿಲ್ಲ, ವೈರಸ್ ಅವನ್ನು ಬಚ್ಚಿಟ್ಟಿರುತ್ತದೆ. ಆ ಶಾರ್ಟ್‌ಕಟ್‌ಗಳ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ, ಮಾಡಿದರೆ ನಿಮ್ಮ ಕಂಪ್ಯೂಟರಿಗೂ ಹತ್ತಿಕೊಳ್ಳುತ್ತದೆ. ಮೊದಲು ಆಂಟಿವೈರಸ್‌ನಿಂದ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ಗೆ ಹೋಗಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿ, ಮಸುಕಾಗಿ ನಿಮ್ಮ ಫೋಲ್ಡರುಗಳು ಕಾಣಬೇಕು. ಅದರಲ್ಲೂ ಕಾಣದಿದ್ದರೆ ತಿಳಿದವರ ಕೈಗೆ ಕೊಡಿ. ಕಂಡರೆ ನಿಮ್ಮ ಡಾಕ್ಯುಮೆಂಟ್, ಫೋಟೋಗಳನ್ನಷ್ಟೇ ಆರಿಸಿ ಕಾಪಿ ಮಾಡಿಕೊಂಡು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಮುಂದಿನ ಸಲ ಪ್ರಿಂಟಿಗೆ ಒಯ್ಯುವ ಪೆನ್‌ಡ್ರೈವಿನಲ್ಲಿ ಆ ಒಂದು ಪಿಡಿಎಫ್ ಬಿಟ್ಟು ಬೇರೇನೂ ಇರದಿರಲಿ. ಜೆರಾಕ್ಸ್ ಅಂಗಡಿಯವರಿಗೂ ಒಂದು ಮಾತು ಹೇಳಿ ಬನ್ನಿ, ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರೂ ಅದೇ ಯಂತ್ರಕ್ಕೆ ಚುಚ್ಚುತ್ತಿರುತ್ತಾರೆ.