ಉಲ್ಟಾ ತಿರುಗಿದ ಮುಳ್ಳು: ಒಬ್ಬ ಲೇಖಕರಿಗೆ ಉತ್ತರ

ಪ್ರಿಯ ಲೇಖಕರೇ,

ಮಲ್ಪೆಯ ಟ್ರಾಲ್ ಬೋಟ್‌ಗೆ ಬೇರೆ ಎಂಜಿನ್ ಕೂರಿಸಿದ ಮೇಲೆ ಆಯಿಲ್ ಪ್ರೆಶರ್ ಮೀಟರ್ ಕೊಟ್ಟ ಕಾಟದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ಕೈಬಿಡಿ ಎಂದೂ ಹೇಳುವುದಿಲ್ಲ. ಯಾಕೆಂದರೆ ಐದನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: "ಕೀ ಆನ್ ಮಾಡಿದ ಕೂಡಲೇ ಮುಳ್ಳು ಫುಲ್. ಎಂಜಿನ್ ಸ್ಟಾರ್ಟ್ ಆದರೆ ಕೆಳಗೆ ಬರುತ್ತದೆ. ರೇಸ್ ಮಾಡಿದರೆ ಇನ್ನೂ ಕೆಳಗೆ." ನಾನು ನೆಟ್ಟಗೆ ಕೂತು ಓದಿದ್ದು ಅಲ್ಲಿಂದಲೇ.

ಅಲ್ಲಿಗೆ ಬರುವ ಮೊದಲು ನಾಲ್ಕು ಪುಟ ಮಳೆ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್‌ಗೆ ನಿಷೇಧ, ಎಂಜಿನ್ ಕೆಲಸಕ್ಕೆಲ್ಲ ಅದೇ ಸಮಯ ಎಂಬುದು ನಮ್ಮ ಕರಾವಳಿಯವರಿಗೆ ಗೊತ್ತೇ ಇದೆ. ಘಟ್ಟದ ಮೇಲಿನವರಿಗೆ ಒಂದು ಸಾಲು ಸಾಕು. ಉಡುಪಿಯ ಮಳೆಯನ್ನು ಹೊಗಳಿದ ಬರಹ ನನ್ನ ಮೇಜಿನ ಮೇಲೆ ಆಗಲೇ ಜಾಸ್ತಿ ಇದೆ ಮಾರಾಯ್ರೆ.

ಆ ಮೂರು ವಾಕ್ಯ ಬರೆದು ನೀವು ಏನು ಮಾಡಿದಿರಿ? "ಮೀಟರ್ ಹಾಳಾಗಿದೆ ಅಂದುಕೊಂಡೆವು, ಕೊನೆಗೆ ಮೆಕ್ಯಾನಿಕ್ ಹೇಗೋ ಸರಿ ಮಾಡಿದರು" ಎಂದು ಮುಗಿಸಿಬಿಟ್ಟಿರಿ. ಹೇಗೋ ಅಂದರೆ ಹೇಗೆ? ಓದುವವರು ಕಾದದ್ದು ಅದಕ್ಕೇ ಅಲ್ವಾ?

ನೀವು ಹೇಳಿದ ಲಕ್ಷಣ ನೋಡಿದರೆ ಮೀಟರೂ ಹಾಳಾಗಿರಲಿಕ್ಕಿಲ್ಲ, ಸೆನ್ಸರೂ ಹಾಳಾಗಿರಲಿಕ್ಕಿಲ್ಲ. ಮೀಟರ್ ಹಳೇ ಎಂಜಿನ್ ಕಾಲದ್ದು, ಸೆನ್ಸರ್ ಹೊಸ ಎಂಜಿನ್ ಜೊತೆ ಬಂದದ್ದು. ಒಂದಕ್ಕೊಂದು ಜೋಡಿಯಲ್ಲ. ಇಂಥ ಸೆನ್ಸರ್‌ನಲ್ಲಿ ಆಯಿಲ್ ಒತ್ತಡಕ್ಕೆ ತಕ್ಕ ಹಾಗೆ ರೆಸಿಸ್ಟೆನ್ಸ್ (ಕರೆಂಟ್ ಹರಿಯಲು ಇರುವ ತಡೆ, ಅಳೆಯುವುದು ಓಮ್‌ನಲ್ಲಿ) ಬದಲಾಗುತ್ತದೆ, ಮೀಟರ್ ಅದನ್ನೇ ಮುಳ್ಳಿನಲ್ಲಿ ತೋರಿಸುತ್ತದೆ. ಅಮೆರಿಕದ ಪದ್ಧತಿಯಲ್ಲಿ ಒತ್ತಡ ಇಲ್ಲದಾಗ ಸುಮಾರು 240 ಓಮ್, ಪೂರ್ತಿ ಒತ್ತಡದಲ್ಲಿ 33 ಓಮ್. ಯುರೋಪಿನ ವಿಡಿಓ ಕಂಪನಿಯ ಪದ್ಧತಿಯಲ್ಲಿ ಸೊನ್ನೆಗೆ 10 ಓಮ್, ಪೂರ್ತಿಗೆ 180ರ ಆಸುಪಾಸು. ಒಂದರಲ್ಲಿ ಇಳಿಯುತ್ತದೆ, ಇನ್ನೊಂದರಲ್ಲಿ ಏರುತ್ತದೆ. ಮೊದಲನೆಯದರ ಮೀಟರ್‌ಗೆ ಎರಡನೆಯದರ ಸೆನ್ಸರ್ ಕೊಟ್ಟರೆ ಮುಳ್ಳು ಉಲ್ಟಾ ತಿರುಗುವುದು ಸಹಜ.

ಇದರಲ್ಲಿ ಹೆದರಿಸುವ ವಿಷಯ ಒಂದಿದೆ, ಅದನ್ನು ನೀವು ಮುಟ್ಟಿಯೇ ಇಲ್ಲ. ಈ ಜೋಡಿಯನ್ನು ಹಾಗೆಯೇ ಬಿಟ್ಟು ಬೋಟ್ ಹೊರಟಿತು ಅಂದುಕೊಳ್ಳಿ. ಸಮುದ್ರದ ನಡುವೆ ಆಯಿಲ್ ಪೈಪ್ ಒಡೆದು ಒತ್ತಡ ಸೊನ್ನೆಗೆ ಬಂತು. ಆಗ ಮುಳ್ಳು ಏರಿ ಫುಲ್‌ನಲ್ಲಿ ನಿಲ್ಲುತ್ತದೆ. ತಂಡೇಲ ಅದನ್ನು ನೋಡಿ ನಿಶ್ಚಿಂತೆಯಿಂದ ಚುಕ್ಕಾಣಿ ಹಿಡಿದಿರುತ್ತಾನೆ, ಕೆಳಗೆ ಬೇರಿಂಗ್ ಸುಡುತ್ತಿರುತ್ತದೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಇನ್ನು ಕೊನೆಯ ಪುಟದ ಸಲಹೆ. "ಸೆನ್ಸರ್ ವೈರ್‌ಗೆ ಒಂದು ರೆಸಿಸ್ಟರ್ ಸೇರಿಸಿದರೆ ಯಾವ ಮೀಟರ್ ಆದರೂ ಹೊಂದುತ್ತದೆ" ಎಂದಿದ್ದೀರಿ. ಇದನ್ನು ನಾನು ಯಾವ ಕಾರಣಕ್ಕೂ ಹಾಕುವುದಿಲ್ಲ. ಬರೆಯುವ ಮೊದಲು ಲೆಕ್ಕ ಹಾಕಿ ನೋಡಬಹುದಿತ್ತು: 10ರಿಂದ 180ಕ್ಕೆ ಏರುವ ಸೆನ್ಸರ್‌ಗೆ 60 ಓಮ್ ಸಾಲಾಗಿ ಸೇರಿಸಿದರೆ 70ರಿಂದ 240ಕ್ಕೆ ಏರುತ್ತದೆ. ಏರುವುದು ಏರುತ್ತಲೇ ಇರುತ್ತದೆ, ದಿಕ್ಕು ಬದಲಾಗುವುದಿಲ್ಲ. ಸೆನ್ಸರ್ ಬದಲಿಸಬೇಕು, ಇಲ್ಲವೇ ಮೀಟರ್ ಬದಲಿಸಬೇಕು. ಯಾರಾದರೂ ನಿಮ್ಮ ಮಾತು ನಂಬಿ ರೆಸಿಸ್ಟರ್ ಹಾಕಿ ಎಂಜಿನ್ ಕಳೆದುಕೊಂಡರೆ ಪತ್ರ ಬರುವುದು ನನಗೆ.

ಮೆಕ್ಯಾನಿಕ್ ಹತ್ತಿರ ಇನ್ನೊಮ್ಮೆ ಹೋಗಿ. ಅವರ ಕೈ ಏನು ಮಾಡಿತು ಎಂದು ಕೇಳಿ, ಅದನ್ನೇ ಕ್ರಮವಾಗಿ ಬರೆಯಿರಿ. ಬಹುಶಃ ಎಂಜಿನ್ ನಿಲ್ಲಿಸಿ, ಸೆನ್ಸರ್ ವೈರ್ ಬಿಚ್ಚಿ, ಸೆನ್ಸರ್‌ನ ಓಮ್ ಅಳೆಯಲು ಮಲ್ಟಿಮೀಟರ್ ಹಿಡಿದಿರುತ್ತಾರೆ. 10ರ ಹತ್ತಿರವೋ 240ರ ಹತ್ತಿರವೋ ಎಂದು ಅಲ್ಲೇ ಗೊತ್ತಾಗುತ್ತದೆ. ಮೀಟರ್‌ನ ಜಾತಿ ತಿಳಿಯಲು ಬಿಚ್ಚಿದ ವೈರ್ ತುದಿಯನ್ನು, ಕೀ ಆನ್ ಇರುವಾಗ, ಒಂದು ಕ್ಷಣ ಎಂಜಿನ್ ಬಾಡಿಗೆ ತಾಗಿಸುತ್ತಾರೆ. ಮುಳ್ಳು ಫುಲ್‌ಗೆ ಹೋದರೆ 240-33ರ ಮೀಟರ್, ಸೊನ್ನೆಗೆ ಬಂದರೆ 10-180ರದ್ದು. ಎಷ್ಟು ಸುಲಭದ ಪರೀಕ್ಷೆ! ಇದು ಬಿಟ್ಟು ನೀವು ಮೆಕ್ಯಾನಿಕ್‌ನ ಮೀಸೆಗೆ ಅರ್ಧ ಪುಟ ಕೊಟ್ಟಿದ್ದೀರಿ.

ಮುಳ್ಳು ಸರಿ ದಿಕ್ಕಿಗೆ ತಿರುಗಿದ ಕೂಡಲೇ ಕಥೆ ಮುಗಿಯುವುದಿಲ್ಲ. ಓಮ್ ಹೊಂದಿದರೂ ಒತ್ತಡದ ಅಳತೆ (ಬಾರ್) ಹೊಂದಬೇಕು. 10 ಬಾರ್ ಮೀಟರ್‌ಗೆ 5 ಬಾರ್ ಸೆನ್ಸರ್ ಹಾಕಿದರೆ 2 ಬಾರ್ ಇರುವಲ್ಲಿ ಹೆಚ್ಚುಕಡಿಮೆ 4 ಬಾರ್ ತೋರಿಸುತ್ತದೆ. ನನ್ನ ಕೇಳಿದರೆ ಉಲ್ಟಾ ಮುಳ್ಳಿಗಿಂತ ಇದೇ ಕೆಟ್ಟದ್ದು. ಉಲ್ಟಾ ತಿರುಗಿದರೆ ಯಾರಿಗಾದರೂ ಸಂಶಯ ಬರುತ್ತದೆ, ಇದರಲ್ಲಿ ಬರುವುದೇ ಇಲ್ಲ. ಹಾಗಾಗಿ ಒಮ್ಮೆ ಮೆಕ್ಯಾನಿಕಲ್ ಗೇಜ್ ಕೂರಿಸಿ ನಿಜವಾದ ಒತ್ತಡ ನೋಡಿದರೋ ಇಲ್ಲವೋ ಎಂದು ಕೇಳಿ ಬರೆಯಿರಿ. ನೋಡಿಲ್ಲ ಎಂದಾದರೆ ಅದನ್ನೂ ಬರೆಯಿರಿ.

ಸಣ್ಣಪುಟ್ಟವು ಕೆಲವು. ಎಚ್ಚರಿಕೆ ದೀಪದ ಆಯಿಲ್ ಸ್ವಿಚ್ ಬೇರೆ, ಮೀಟರ್ ಸೆನ್ಸರ್ ಬೇರೆ. ಸ್ವಿಚ್‌ಗೆ ಆನ್, ಆಫ್ ಎರಡೇ ಗೊತ್ತು. ನೀವು ಆರನೇ ಪುಟದಲ್ಲಿ ಎರಡನ್ನೂ ಕಲಸಿದ್ದೀರಿ. ಸೆನ್ಸರ್ "ಸ್ವಲ್ಪ ಬಿಗಿಯಾಗಿ ಕೂತಿತು" ಎಂಬ ಮಾತು ನನಗೆ ಸಂಶಯ ತಂದಿತು. 1/8 ಇಂಚಿನ ಎನ್‌ಪಿಟಿ (ಅಮೆರಿಕದ ಪೈಪ್ ಅಳತೆ) ಥ್ರೆಡ್‌ಗೆ ಇಂಚಿಗೆ 27 ಸುತ್ತು, ಬಿಎಸ್‌ಪಿಗೆ (ಬ್ರಿಟಿಷ್ ಅಳತೆ) 28. ಒಂದರೊಳಗೆ ಇನ್ನೊಂದು ಸ್ವಲ್ಪ ಹೋಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಆಯಿಲ್ ಜಿನುಗುತ್ತದೆ. ಒಂದೇ ವೈರ್ ಇರುವ ಸೆನ್ಸರ್‌ಗೆ ಅರ್ಥಿಂಗ್ ಸಿಗುವುದು ಆ ಥ್ರೆಡ್‌ನಿಂದಲೇ, ದಪ್ಪಗೆ ಸುತ್ತಿದ ಟೆಫ್ಲಾನ್ ಟೇಪ್ ಅದನ್ನು ತಪ್ಪಿಸಬಹುದು, ಹಾಗಾಗಿ ಅದನ್ನು ಮೆಚ್ಚಿ ಬರೆಯಬೇಡಿ. ಮತ್ತೆ, ಬೋಟ್‌ನಲ್ಲಿ 12 ವೋಲ್ಟೋ 24 ವೋಲ್ಟೋ ಎಲ್ಲಿಯೂ ಹೇಳಿಲ್ಲ. ಮೀಟರ್ ಅದಕ್ಕೂ ಹೊಂದಬೇಕು.

ಎಂಟು ಪುಟವನ್ನು ನಾಲ್ಕಕ್ಕೆ ಇಳಿಸಿ ಕಳಿಸಿ. ನಿಷೇಧ ಮುಗಿದು ಬೋಟ್‌ಗಳು ಕಡಲಿಗೆ ಇಳಿಯುವ ಮೊದಲು ಕೈಗೆ ಸಿಕ್ಕರೆ ಒಳ್ಳೆಯದು, ಆಗ ಓದಿದವರಿಗೆ ಉಪಯೋಗಕ್ಕೂ ಬರುತ್ತದೆ. ಮೀಟರ್‌ನ ಹಿಂಬದಿ, ಸೆನ್ಸರ್ ಮೇಲೆ ಅಚ್ಚಾದ ಅಕ್ಷರಗಳು, ಇವೆರಡರ ಫೋಟೋ ಜೊತೆಗಿರಲಿ. ಸೂರ್ಯಾಸ್ತದ್ದು ಬೇಡ.

ಇತಿ,
ಸಂಪಾದಕ