‘ಶಿವ ನಡೆಸುತ್ತಾನೆ’ ಎಂದ ಮೇಲೆ ನಾವು ಮಾಡಬೇಕಾದದ್ದೇನು?

ಪ್ರಶ್ನೆ: ಮಾನ್ಯರೇ, ನಾವು ಪೀಣ್ಯದ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನರು ಲೇತ್ ಕೆಲಸದವರು. ಅವರಿರುವ ಸಣ್ಣ ಕಾರ್ಖಾನೆಯಲ್ಲಿ ಆರ್ಡರ್ ಕಡಿಮೆಯಾಗಿ ಈಗ ವಾರದಲ್ಲಿ ಮೂರು ದಿನ ಮಾತ್ರ ಕೆಲಸ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮನೆಯ ಮಾಲೀಕರು ಮಗನ ಮದುವೆಯ ಕಾರಣ ಹೇಳಿ ಎರಡು ತಿಂಗಳಲ್ಲಿ ಮನೆ ಬಿಡಲು ತಿಳಿಸಿದ್ದಾರೆ. ಈಗ ಕೊಡುತ್ತಿರುವ ಬಾಡಿಗೆ 9,000 ರೂಪಾಯಿ. ಸುತ್ತಮುತ್ತ ನೋಡಿದ ಮನೆಗಳಿಗೆಲ್ಲ 13,000, ಮೇಲೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಯಜಮಾನರು ‘ಶಿವ ನಡೆಸುತ್ತಾನೆ ಬಿಡು’ ಎಂದು ಸುಮ್ಮನಿದ್ದಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ನಾಳೆಗೆಂದು ಅನ್ನದ ಒಂದು ಅಗುಳನ್ನೂ ಬಯಸುವುದಿಲ್ಲವೆಂದು ಬಸವಣ್ಣನವರು ಆಣೆಯಿಟ್ಟಿರುವಾಗ, ತಿಂಗಳು ತಿಂಗಳು ಚೀಟಿ ಕಟ್ಟುವ ನಾನು ನಂಬಿಕೆಯಿಲ್ಲದವಳೇ? ಪರಿಚಿತರೊಬ್ಬರು ಒಡವೆ ಮಾರಿ, ಉಳಿದದ್ದಕ್ಕೆ ಸಾಲ ಮಾಡಿ 6 ಲಕ್ಷಕ್ಕೆ ಭೋಗ್ಯದ ಮನೆ ಹಿಡಿಯಿರಿ ಎನ್ನುತ್ತಾರೆ. ಇನ್ನೊಬ್ಬರು 15,000 ರೂಪಾಯಿಯ ವಿಶೇಷ ಪೂಜೆ ಮಾಡಿಸಿದರೆ ಮನೆ ತಾನಾಗಿ ಒದಗುತ್ತದೆ ಎನ್ನುತ್ತಾರೆ. ಮಗನನ್ನು ಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿಸೆಂದು ತವರಿನವರ ಸಲಹೆ. ಅದು ಭಿಕ್ಷೆ ಬೇಡಿದಂತೆ ಎಂದು ನನಗೆ ಸಂಕಟ. ದಾರಿ ತೋರಿಸಿ.
– ಹೆಸರು ಬೇಡ, ಬೆಂಗಳೂರು

ಉತ್ತರ: ತಾಯಿ, ನಿದ್ದೆ ಬಾರದಿರುವುದನ್ನು ನೀವು ನಂಬಿಕೆಯ ಕೊರತೆಯೆಂದು ಎಣಿಸಬೇಡಿ. ಮಕ್ಕಳನ್ನು ಕಟ್ಟಿಕೊಂಡು ಎರಡು ತಿಂಗಳಲ್ಲಿ ಸೂರು ಹುಡುಕಬೇಕಾದವರಿಗೆ ಭಯವಾಗುವುದು ಸಹಜ. ಆ ಭಯವನ್ನು ಮುಚ್ಚಿಟ್ಟು ಧೈರ್ಯದ ಮಾತುಗಳಲ್ಲಿ ಪ್ರಾರ್ಥಿಸುವುದಕ್ಕಿಂತ, ಬಾಡಿಗೆ ಇಷ್ಟು, ಕೈಯಲ್ಲಿರುವುದು ಇಷ್ಟು, ನನಗೆ ಹೆದರಿಕೆಯಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ದೇವರ ಮುಂದೆ ಹೇಳಿಕೊಳ್ಳುವುದೇ ನಿಜವಾದ ಭಕ್ತಿ ಎಂದು ನಾನು ತಿಳಿದಿದ್ದೇನೆ.

ಬಸವಣ್ಣನವರ ವಚನವನ್ನು ನೀವು ಅರ್ಧ ನೆನಪಿಟ್ಟುಕೊಂಡು ನೋಯುತ್ತಿದ್ದೀರಿ. ಹೊನ್ನಿನಲ್ಲೊಂದು ಒರೆಯನ್ನಾಗಲಿ, ಸೀರೆಯಲ್ಲೊಂದು ಎಳೆಯನ್ನಾಗಲಿ, ಅನ್ನದಲ್ಲೊಂದು ಅಗುಳನ್ನಾಗಲಿ ಇಂದಿಗೆ ನಾಳೆಗೆ ಬೇಕೆನ್ನುವುದಿಲ್ಲ ಎಂದು ಆಣೆಯಿಟ್ಟ ಮೇಲೆ, ಇವೆಲ್ಲವೂ ಶರಣರಿಗಲ್ಲದೆ ಬೇರೆಯದಕ್ಕಲ್ಲ ಎಂಬ ಮಾತಿಗೆ ಆ ವಚನ ಬಂದು ನಿಲ್ಲುತ್ತದೆ. ಅದನ್ನು ನುಡಿದವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು, ಅಂದರೆ ದಿನವೂ ಲೆಕ್ಕದ ನಡುವೆ ಬದುಕಿದವರು. ಕೈತುಂಬ ಸಂಪತ್ತು ಹಾದುಹೋಗುತ್ತಿದ್ದ ಒಬ್ಬ ಅಧಿಕಾರಿ ಅದರಲ್ಲಿ ಎಳೆಯಷ್ಟನ್ನೂ ತನಗೆಂದು ಎತ್ತಿಡಲಾರೆನೆಂದು ಮಾಡಿದ ಪ್ರತಿಜ್ಞೆ ಅದು. ಹೊಲಿಗೆಯ ದುಡಿಮೆಯಲ್ಲಿ ಮಕ್ಕಳ ಶುಲ್ಕಕ್ಕೆಂದು ಚೀಟಿ ಕಟ್ಟುವ ತಾಯಿಯ ಮೇಲೆ ಹೊರಿಸಿದ ಅಪವಾದವಲ್ಲ. ಚೀಟಿಯನ್ನು ಮುಂದುವರಿಸಿ. ಆದರೆ ಅದು ನೋಂದಣಿಯಾದ ಚೀಟಿಯೋ ಅಲ್ಲವೋ ಎಂಬುದನ್ನು ಮಾತ್ರ ವಿಚಾರಿಸಿಕೊಳ್ಳಿ.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದವರು ಆಯ್ದಕ್ಕಿ ಲಕ್ಕಮ್ಮನವರು. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಲಕ್ಕಮ್ಮ, ಮಾರಯ್ಯ ದಂಪತಿಗೆ ಹೊಲವಿರಲಿಲ್ಲ, ಕೂಡಿಟ್ಟ ಹಣವಿರಲಿಲ್ಲ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಇದು ಆಸೆಯಿಂದ ಬಂದದ್ದು, ನಮ್ಮ ಲಿಂಗಕ್ಕೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದರು. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ದುರಾಸೆಯ ಖಂಡನೆಯೆಂದು ಓದಿ ಮುಂದೆ ಹೋಗುತ್ತೇವೆ. ನನಗೆ ಮುಖ್ಯವಾಗಿ ತೋರುವುದು ಬೇರೆ: ತಮ್ಮ ಮನೆಗೆ ಒಂದು ದಿನಕ್ಕೆ ಎಷ್ಟು ಅಕ್ಕಿ ಸಾಕು ಎಂಬುದು ಆ ತಾಯಿಗೆ ಹಿಡಿಯಷ್ಟೂ ತಪ್ಪದೆ ಗೊತ್ತಿತ್ತು. ಸಾಕು ಎಂಬುದರ ಅಳತೆ ಗೊತ್ತಿದ್ದುದರಿಂದಲೇ ನಾಳೆಯನ್ನು ದೇವರಿಗೆ ಬಿಡುವುದು ಅವರಿಗೆ ಸಾಧ್ಯವಾಯಿತು. ಅದೇ ಲಕ್ಕಮ್ಮನವರು, ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ನಿಮ್ಮ ಕಾಯಕ ನಿಂತಿದೆ, ಬೇಗ ಹೋಗಿ ಎಂದು ಎಬ್ಬಿಸಿ ಕಳುಹಿಸಿದವರು. ನಾಳೆಗೆ ಕೂಡಿಡಬೇಡಿ ಎಂದ ಬಾಯಿಂದಲೇ ಇಂದಿನ ಕೆಲಸಕ್ಕೆ ಏಳಿ ಎಂಬ ಮಾತೂ ಬಂತು. ಶರಣರ ನಂಬಿಕೆಯಲ್ಲಿ ಇವೆರಡೂ ಜೊತೆಯಲ್ಲೇ ಇದ್ದವು.

ಆದ್ದರಿಂದ ‘ಶಿವ ನಡೆಸುತ್ತಾನೆ’ ಎಂಬ ನಿಮ್ಮ ಯಜಮಾನರ ಮಾತು ಸುಳ್ಳಲ್ಲ. ಅದನ್ನು ಹೇಳಿ ಕುಳಿತುಬಿಡುವುದು ಮಾತ್ರ ಸರಿಯಲ್ಲ. ಒಂದು ವಿಷಯ ಹೇಳಲೇ? ಕೆಲಸ ಕಳೆದುಕೊಳ್ಳುವ ಅಂಚಿನಲ್ಲಿರುವ ಗಂಡಸರು ಅನೇಕ ವೇಳೆ ತಮ್ಮ ಭಯವನ್ನು ಇಂಥ ಮಾತಿನ ಹಿಂದೆ ಅಡಗಿಸಿರುತ್ತಾರೆ. ನಂಬಿಕೆಯ ವಿಷಯದಲ್ಲಿ ಅವರೊಡನೆ ವಾದಿಸಬೇಡಿ. ಒಂದು ಸಂಜೆ ಇಬ್ಬರೂ ಕುಳಿತು ದುಡಿಮೆ, ಖರ್ಚು, ಹಿಂದಿರುಗಿ ಬರಬೇಕಾದ ಅಡ್ವಾನ್ಸ್, ಅದರಲ್ಲಿ ಬಣ್ಣ ಬಳಿಸುವುದಕ್ಕೆ ಹಿಡಿದುಕೊಳ್ಳಬಹುದಾದ ಮೊತ್ತ, ಎಲ್ಲವನ್ನೂ ಬರೆಯಿರಿ. ವಾರದಲ್ಲಿ ಬಿಡುವಿರುವ ದಿನಗಳಲ್ಲಿ ಬೇರೆ ಕಾರ್ಖಾನೆಗಳಲ್ಲಿ ಕೆಲಸ ವಿಚಾರಿಸುವುದನ್ನೂ ಮನೆ ಹುಡುಕುವುದನ್ನೂ ಅವರಿಗೆ ವಹಿಸಿ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಓಡುತ್ತಿದೆ. ಆ ಕಡೆಯ ಊರುಗಳಲ್ಲಿ ನಿಮ್ಮ ಅಳತೆಯ ಮನೆ ಇದೆಯೇ ಎಂದು ನೋಡಬಹುದು. ಮಾಲೀಕರಿಗೂ ನಿಮ್ಮ ನಿಜಸ್ಥಿತಿಯನ್ನು ತಿಳಿಸಿ, ಶಾಲೆಯ ಪರೀಕ್ಷೆ ಮುಗಿಯುವವರೆಗೆ ಅವಕಾಶ ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ.

ಸಾಲ ಮಾಡಿ ಭೋಗ್ಯಕ್ಕೆ ಹೋಗುವುದು ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಬಾಡಿಗೆ ಉಳಿಯಿತೆಂದು ಕಂಡರೂ ಆ ಜಾಗದಲ್ಲಿ ಬಡ್ಡಿ ಬಂದು ಕೂರುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಮಾಲೀಕರು ಅದೇ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೀರಿಸದೆ ಹೋದರೆ, 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜಿಗಿಡಬಹುದು. ಆಗ ನಿಮ್ಮ 6 ಲಕ್ಷಕ್ಕೆ ಮಾಲೀಕರ ಹಿಂದೆ ಅಲೆಯಬೇಕಾಗುತ್ತದೆ. ಮುಂದೆ ಎಂದಾದರೂ, ಸಾಲವಿಲ್ಲದೆ, ಭೋಗ್ಯಕ್ಕೆ ಹೋಗುವಂತಾದರೆ ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆಯಿರಿ, ಮೂಲ ಪತ್ರಗಳನ್ನು ಕಣ್ಣಾರೆ ನೋಡಿ, ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸದೆ ಹಣ ಕೊಡಬೇಡಿ. ದೇವರು ನೋಡಿಕೊಳ್ಳುತ್ತಾನೆಂಬ ನಂಬಿಕೆ ಪತ್ರ ನೋಡದಿರುವುದಕ್ಕೆ ಕಾರಣವಾಗಬಾರದು.

ವಿಶೇಷ ಪೂಜೆಯ ಮಾತನ್ನು ಅಲ್ಲಿಗೇ ಬಿಡಿ. ಹೆಚ್ಚಾಗಿ ಬಂದ ಅಕ್ಕಿಯೇ ಲಿಂಗಕ್ಕೆ ಸಲ್ಲದೆಂದ ಪರಂಪರೆಯಲ್ಲಿ, ಮಕ್ಕಳ ಊಟದಿಂದ ಕಿತ್ತ 15,000 ರೂಪಾಯಿ ಹೇಗೆ ಸಲ್ಲುತ್ತದೆ? ಮನೆಯಲ್ಲಿ ಹಚ್ಚುವ ದೀಪ ಸಾಕು.

ಮಗನ ವಿಷಯದಲ್ಲಿ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಶಿವನು ನಡೆಸುವುದು ಯಾರ ಕೈಯಿಂದ ಎಂಬುದನ್ನೂ ಯೋಚಿಸಿ. ಲಕ್ಕಮ್ಮನವರ ಮನೆಯ ಒಲೆ ಉರಿದದ್ದು ಕಲ್ಯಾಣದ ಇತರ ಶರಣರ ಅಂಗಳದ ಅಕ್ಕಿಯಿಂದ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ಬೆಳೆಸಿದ ದಾಸೋಹದಲ್ಲಿ, ಜಾತಿ ಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಇಂದಿಗೂ ಊಟ, ವಸತಿ, ವಿದ್ಯೆ ಪಡೆಯುತ್ತಿದ್ದಾರೆ. ಆ ಅಡುಗೆಮನೆಗೆ ದವಸ ಬರುವುದು ರೈತರ ಹೊಲಗಳಿಂದ, ಭಕ್ತರ ಕೈಗಳಿಂದ. ಕೊಡುವವರು ಅದನ್ನು ದಾಸೋಹವೆಂದು ಕೊಡುತ್ತಿರುವಾಗ, ಪಡೆಯುವ ನಾವು ಅದನ್ನು ಭಿಕ್ಷೆಯೆಂದು ಕರೆದುಕೊಂಡು ಕುಗ್ಗಬೇಕಾಗಿಲ್ಲ. ನಾಳೆ ನಿಮ್ಮ ಮಗನೂ ದುಡಿದು ಅಲ್ಲಿಗೆ ಒಂದು ಮೂಟೆ ಅಕ್ಕಿ ಕಳುಹಿಸಬಲ್ಲ. ಅವನ ಮನಸ್ಸನ್ನೂ ಕೇಳಿ ನೋಡಿ. ಒಪ್ಪಿದರೆ ಶಾಲೆಯ ವರ್ಷ ಮುಗಿಯುವ ಮೊದಲೇ ಮಠದ ಕಚೇರಿಯಲ್ಲಿ ಅರ್ಜಿಯ ವಿಚಾರ ತಿಳಿದುಕೊಳ್ಳಿ. ಮನೆ ಸಿಕ್ಕರೂ, ಸಿಗುವುದು ತಡವಾದರೂ, ನಮಗೊಂದು ಪತ್ರ ಬರೆಯಿರಿ.